ಬೆನ್ನು ಮಾಡಿ ನಿಂತವನ ಹೆಸರು

ಹಿಮಬೆಟ್ಟಗಳ ನಾರಿನ್ ಸೀಮೆಯ ಆ ಹಳ್ಳಿಗೆ ಸೊಸೆಯಾಗಿ ಬಂದವಳು ಗಂಡನ ಹೆಸರು ಹೇಳುವಂತಿಲ್ಲ. ಉಮ್ಸುನಾಯ್ ತನ್ನ ಗಂಡನನ್ನು 'ಉಜುನ್' ಎನ್ನುತ್ತಿದ್ದಳು, ಅಂದರೆ ಉದ್ದದವನು. ಮದುವೆಯಾಗಿ ಎರಡನೇ ಚಳಿಗಾಲಕ್ಕೇ ಅವನು ಹಿಮ ಕುಸಿದು ಕುದುರೆ ಸಮೇತ ಹೋಗಿಬಿಟ್ಟ. ಮಕ್ಕಳಿಲ್ಲ, ಫೋಟೋ ಇಲ್ಲ. ಉಳಿದದ್ದು ಊರ ಕ್ಲಬ್ಬಿನ ಗೋಡೆಗೆ ತೂಗುಹಾಕಿದ್ದ, ಯಾರೋ ಕಲಾವಿದ ಬಣ್ಣದಲ್ಲಿ ಬರೆದ ಚಿತ್ರವೊಂದೇ.

ಊರವರೆಲ್ಲ ಸೇರಿ ಉಣ್ಣೆಯ ಹಾಸು ಮಾಡುತ್ತಿರುವ ಚಿತ್ರ ಅದು. ಉಣ್ಣೆ ಹರಡಿ ಸುತ್ತಿದ ಚಾಪೆಯ ಮೇಲೆ ಬಿಸಿನೀರು ಹೊಯ್ಯುತ್ತಿರುವ ಹೊಸ ಸೊಸೆ ಉಮ್ಸುನಾಯಳೇ. ಉಳಿದವರು ಸಾಲಾಗಿ ನಿಂತು ಅದನ್ನು ತುಳಿಯುತ್ತಿದ್ದಾರೆ. ಆ ಸುರುಳಿ ಉರುಳಿಸಲು ಹಗ್ಗ ಎಳೆಯುತ್ತಿರುವ ಗಂಡಸೊಬ್ಬ ಮಾತ್ರ ನಮಗೆ ಬೆನ್ನು ಮಾಡಿದ್ದಾನೆ.

ವರ್ಷಗಳುರುಳಿ ಕ್ಲಬ್ಬಿನ ಸೂರು ಸೋರತೊಡಗಿತ್ತು. ಚಿತ್ರವನ್ನು ಪಟ್ಟಣದ ಮ್ಯೂಸಿಯಂಗೆ ಒಯ್ಯಲು ಜಿಪಾರ್ ಎಂಬ ಹುಡುಗಿ ಬಂದಳು. ಚಿತ್ರದಲ್ಲಿದ್ದವರ ಪೈಕಿ ಬದುಕಿದ್ದವಳು ಉಮ್ಸುನಾಯ್ ಒಬ್ಬಳೇ, ಹಾಗಾಗಿ ಯಾರು ಯಾರೆಂದು ಹೇಳಲು ಅವಳನ್ನೇ ಕರೆಸಿದರು.

"ಎಲ್ರೂ ಎಷ್ಟು ಒಗ್ಗಟ್ಟಾಗಿ ಹೆಜ್ಜೆ ಹಾಕ್ತಿದಾರೆ ಅಲ್ವಾ ಅಜ್ಜಿ?"

"ಒಗ್ಗಟ್ಟು ಎಲ್ಲಿ ಬಂತು ಮಗಾ. ಈ ಸೈರಾ ಪಕ್ಕದವಳ ಕಾಲು ತುಳೀತಿದಾಳೆ ನೋಡು. ಬೇಕೂಂತಲೇ."

ಹುಡುಗಿ ನಗುತ್ತ ಒಂದೊಂದೇ ಹೆಸರು ಬರೆದುಕೊಂಡಳು. "ಈ ಹಗ್ಗ ಎಳೆಯೋರು?"

"ನಮ್ಮನೆಯವ್ರು."

ಕ್ಲಬ್ಬು ನೋಡಿಕೊಳ್ಳುವ ಎಸೆನ್ ನಡುವೆ ಬಾಯಿ ಹಾಕಿದ. "ನಾನು ಹೇಳ್ತೀನಿ, ಅಜ್ಜಿ ಹೇಳೋ ಹಾಗಿಲ್ಲ. ಅವ್ರ ಹೆಸರು ಉಜುನ್. ಊರಿಗೆಲ್ಲ ಗೊತ್ತು."

ಜಿಪಾರ್ ಹಾಗೆಯೇ ಬರೆದಳು. ಉಮ್ಸುನಾಯ್ ಬರೆದದ್ದನ್ನೇ ನೋಡಿದಳು. ಗಂಡನ ಅಪ್ಪ, ಅಮ್ಮ, ಜೊತೆಗಾರರು ಎಲ್ಲ ಮಣ್ಣಾಗಿದ್ದರು. ಆಮೇಲೆ ಹುಟ್ಟಿದವರೆಲ್ಲ ಕೇಳಿದ್ದು ಇವಳ ಬಾಯಿಂದ ಬಂದದ್ದನ್ನೇ. ಮರ್ಯಾದೆ ಮರ್ಯಾದೆ ಅನ್ನುತ್ತಲೇ ಗಂಡನ ಹೆಸರನ್ನು ಊರ ನೆನಪಿನಿಂದ ಅಳಿಸಿಹಾಕಿದ್ದಳು ಪುಣ್ಯಾತ್ಗಿತ್ತಿ!

"ಅದಲ್ಲ ಅವ್ರ ಹೆಸರು," ಎಂದಳು.

"ಮತ್ತೇನು ಅಜ್ಜಿ?"

ಹೊರಗೆ ಚಿತ್ರ ಒಯ್ಯಲು ಕಾದಿದ್ದ ಲಾರಿಯವನು ಹಾರ್ನ್ ಹೊಡೆದ. ಉಮ್ಸುನಾಯ್ ತಲೆಯ ಬಟ್ಟೆಯನ್ನು ಸರಿಮಾಡಿಕೊಂಡಳು, ಮಾವನವರು ಎದುರಿಗೇ ಕೂತಿದ್ದಾರೇನೋ ಎಂಬಂತೆ.

"ಮೆದೆರ್."

"ಕೇಳಿಸ್ಲಿಲ್ಲ ಅಜ್ಜಿ."

"ಮೆದೆರ್," ಎಂದಳು, ಆಚೆ ದಡದವನನ್ನು ಕೂಗುವಷ್ಟು ಜೋರಾಗಿ. ಎಸೆನ್ ತಲೆ ತಗ್ಗಿಸಿದ. ಜಿಪಾರ್ ಮೊದಲು ಬರೆದದ್ದನ್ನು ಹೊಡೆದುಹಾಕಿ ಹೊಸದಾಗಿ ಬರೆದಳು.

ಮುದುಕಿ, ಅವನು ತಿರುಗಿ ನೋಡಿಯಾನೇನೋ ಎಂಬಂತೆ, ಚಿತ್ರದ ಆ ಬೆನ್ನನ್ನೇ ನೋಡುತ್ತ ನಿಂತಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು.

"ತಮ್ಮನ್ನೇ ಕರೆದದ್ದು ಅಂತ ಅವ್ರಿಗೆ ಹೇಗೆ ಗೊತ್ತಾಗ್ಬೇಕು ಮಗಾ," ಎಂದಳು. "ನನ್ನ ಬಾಯಲ್ಲಿ ಆ ಹೆಸರನ್ನ ಒಂದಿನಾನೂ ಕೇಳಿದವರಲ್ಲ."