ಮಗ್ಗದವನ ಟ್ರ್ಯಾಕ್ಟರ್

ಮೊನ್ನೆ ಅಟ್ಟದಿಂದ ಹಳೆಯ ಟ್ರಂಕು ಇಳಿಸಿದಾಗ ಅದರ ತಳದಲ್ಲಿ ಒಂದು ವಲ್ಲಿ ಸಿಕ್ಕಿತು. ಗಂಡಸರು ಹೆಗಲ ಮೇಲೆ ಹಾಕಿಕೊಳ್ಳುವ ವಲ್ಲಿಯೇ, ಆದರೆ ಬಣ್ಣ ಮಾತ್ರ ಹೆಂಗಸರ ಸೀರೆಯದು. ಕಡುನೀಲಿ ಒಡಲು, ಕೆಂಪು ದಡಿ. ಬಿಚ್ಚಿ ಮೂಗಿಗೆ ಹಿಡಿದೆ. ನೂಲಿಗೆ ಹಾಕಿದ ಗಂಜಿಯ ಹುಳಿ ವಾಸನೆ, ಅದರ ಬೆನ್ನಿಗೇ ಸಣ್ಣಗೆ ಡೀಸೆಲ್. ಇಷ್ಟು ವರ್ಷವಾದರೂ ಹೋಗಿಲ್ಲವಲ್ಲ ಈ ದರಿದ್ರ ವಾಸನೆ ಎಂದು ಬೈದೆ. ಬೈದದ್ದು ವಾಸನೆಗಲ್ಲ...

ಆಗ ನಾನು ಜಮಖಂಡಿ ಕೋರ್ಟಿನಲ್ಲಿ ಟೈಪಿಸ್ಟ್. ಮೂರು ತಲೆಮಾರಿನಿಂದ ಅದೇ ಊರು, ಅದೇ ಓಣಿ, ತಿಂಗಳಾದರೆ ಪಗಾರ. ದಿನವಿಡೀ ಬೇರೆಯವರ ತೀರ್ಪು ಟೈಪು ಮಾಡಿ ಮಾಡಿ, ತೀರ್ಪು ಕೊಡುವುದು ನನಗೂ ಬರುತ್ತದೆ ಎಂಬ ಸೊಕ್ಕು ತಲೆಗೇರಿತ್ತು. ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಬ್ಯಾಟರಿ ಅಂಗಡಿಯ ಮುಂದಿನ ಮರದ ಬಾಕಿನ ಮೇಲೆ ನಮ್ಮ ಇನ್ನೊಂದು ಕೋರ್ಟು ಕೂಡುತ್ತಿತ್ತು. ಅಂಗಡಿಯವ, ನಿವೃತ್ತ ಕಂಡಕ್ಟರ್ ಒಬ್ಬ, ನಾನು. ವಿಚಾರಣೆಗೆ ಬರುತ್ತಿದ್ದುದು ಒಂದೇ ಪ್ರಕರಣ: ಟ್ರ್ಯಾಕ್ಟರ್ ರಿವರ್ಸ್ ಸ್ಪರ್ಧೆ.

ನಮ್ಮ ಯೋಗ್ಯತೆಯನ್ನೂ ಹೇಳಿಬಿಡುತ್ತೇನೆ. ಅಂಗಡಿಯವ ತನ್ನ ಸ್ಕೂಟರನ್ನು ದಿನಾ ಯಾರಿಂದಲೋ ತಳ್ಳಿಸಿಕೊಂಡು ಚಾಲೂ ಮಾಡುತ್ತಿದ್ದ, ಅದೂ ಬ್ಯಾಟರಿ ಮಾರುವವನು. ಕಂಡಕ್ಟರ್ ಜೀವಮಾನವೆಲ್ಲ ಬಸ್ಸಿನಲ್ಲಿ ಕಳೆದರೂ ಸ್ಟೇರಿಂಗ್ ಮುಟ್ಟಿದವನಲ್ಲ. ಸೀಟಿ ಊದಿ ಬಸ್ಸನ್ನು ಹಿಂದಕ್ಕೆ ತೆಗೆಸಿದ್ದೇ ದೊಡ್ಡ ವಿದ್ಯೆ ಎಂದು ಎದೆ ಉಬ್ಬಿಸುತ್ತಿದ್ದ. ನನ್ನದು ಸೈಕಲ್ಲು. ಇಂಥ ಮೂವರು ಪಂಡಿತರು ಸುತ್ತಲಿನ ಮೂರು ತಾಲೂಕಿನ ಡ್ರೈವರುಗಳಿಗೆ ಅಂಕ ಕೊಡುತ್ತಿದ್ದೆವು!

ಕಬ್ಬಿನ ಹಂಗಾಮು ಮುಗಿದು ಟ್ರ್ಯಾಕ್ಟರುಗಳು ಖಾಲಿಯಾದ ಮೇಲೆ ಮಳೆ ಹಿಡಿಯುವ ತನಕ ಒಂದಲ್ಲ ಒಂದು ಊರಲ್ಲಿ ಈ ಸ್ಪರ್ಧೆ ಇದ್ದೇ ಇರುತ್ತಿತ್ತು. ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿ, ಸುಣ್ಣದ ಎರಡು ಗೆರೆಗಳ ನಡುವೆ ತುದಿಯ ಬಾವುಟದ ಕಡೆ ಹಿಂದಕ್ಕೆ ಓಡಿಸಬೇಕು. ಒಂದು ನಿಮಿಷದಲ್ಲಿ ಹೆಚ್ಚು ದೂರ ಹೋದವನು ಗೆದ್ದ. ಗಾಲಿ ಗೆರೆ ದಾಟಿದರೆ ಹೊರಗೆ. ಕೇಳಲು ಸರಳ, ಆದರೆ ಹಿಂದಕ್ಕೆ ಹೋಗುವಾಗ ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರೇಲರ್ ಬಲಕ್ಕೆ ಎಳೆಯುತ್ತದೆ. ಒಂದು ಗಳಿಗೆ ಮೈಮರೆತರೆ ಎರಡೂ ಮೊಣಕಾಲಿನಂತೆ ಮಡಚಿಕೊಂಡು ನಿಂತುಬಿಡುತ್ತವೆ.

ಆ ವರ್ಷ ಮೊದಲ ಸ್ಪರ್ಧೆ ಬೀಳಗಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿ. ಹಿನ್ನೀರಿಗೆ ಹಳೆ ಊರು ಬಿಟ್ಟು ಮೇಲೆ ಬಂದವರಿಗೆ ಮನೆಗಿಂತ ಬಯಲೇ ಹೆಚ್ಚು ಸಿಕ್ಕಿತ್ತು. ಅಲ್ಲಿ ಅವನನ್ನು ಮೊದಲು ನೋಡಿದ್ದು. ನಲವತ್ತು ದಾಟಿದವ, ಬಡಕಲು ಮೈ, ಬಾಗಿದ ಬೆನ್ನು. ಮುಧೋಳ ಕಡೆಯ ಒಬ್ಬ ಕಬ್ಬಿನ ಸಾಹುಕಾರನ ಗಾಡಿ. ಮೈಕಿನಲ್ಲಿ ಸಾಹುಕಾರನ ಹೆಸರು ಕೂಗಿದರು, ಡ್ರೈವರನ ಹೆಸರು ಯಾರಿಗೆ ಬೇಕು? ಸೀಟಿ ಊದಿದರು, ಗಾಡಿ ಹಿಂದಕ್ಕೆ ಹೊರಟಿತು. ಟ್ರೇಲರ್ ಒಂದು ಗೇಣು ಸೊಟ್ಟಗಾದದ್ದೇ ತಡ, ಈ ಮಹಾಶಯ ಬ್ರೇಕು ತುಳಿದ. ಅಷ್ಟೇ ಅಲ್ಲ, ಕೆಳಗಿಳಿದ! ಟ್ರೇಲರಿನ ಹತ್ತಿರ ಹೋಗಿ, ಬಗ್ಗಿ ನೋಡಿ, ಮತ್ತೆ ಹತ್ತಿ ಕೂರುವಷ್ಟರಲ್ಲಿ ನಿಮಿಷ ಮುಗಿದಿತ್ತು. ಕಂಡಕ್ಟರ್ ನೆಲಕ್ಕೆ ಕುಕ್ಕರುಗಾಲಲ್ಲಿ ಕೂತು ನಕ್ಕ.

ಮರುದಿನ ಸಂಜೆ ಅವನು ಬ್ಯಾಟರಿ ಚಾರ್ಜಿಗೆ ಹಾಕಲು ನಮ್ಮ ಅಂಗಡಿಗೇ ಬರಬೇಕೆ! ಅಂಗಡಿಯವ ಬಿಡುತ್ತಾನೆಯೇ.

"ಏನೋಪಾ, ನಿನ್ನೆ ಗಾಡಿ ಬಿಟ್ಟು ಯಾಕ ಇಳದಿ? ಒಂದಕ್ಕ ಬಂದಿತ್ತೇನು?"

ಅವನು ನಾಚಿಕೊಂಡು ನಿಂತ. ತಾನು ಬನಹಟ್ಟಿಯ ನೇಕಾರ, ಕುಣಿಮಗ್ಗದ ಮೇಲೆ ಸೀರೆ ನೇಯ್ದವನು, ಕೈಮಗ್ಗದ ಸೀರೆ ಕೇಳುವವರಿಲ್ಲದೆ ಮಗ್ಗ ನಿಂತು ಎರಡು ವರ್ಷವಾಯಿತು, ಮೈದುನನಿಂದ ಟ್ರ್ಯಾಕ್ಟರ್ ಕಲಿತು ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಒಂದು ಹಂಗಾಮು ಕಬ್ಬು ಹೊಡೆದೆ ಎಂದು ಹೇಳಿದ. ಆಮೇಲೆ, "ಮಗ್ಗದ ಮ್ಯಾಲ ಒಂದ ಎಳಿ ಹರಿದ್ರೂ ನಿಲ್ಲಿಸಬೇಕ್ರಿ. ಗಂಟು ಹಾಕದ ಹಂಗ ನೇಯ್ದ್ರ ಸೀರಿ ಪೂರಾ ಕೆಟ್ಟ ಹೋಗತೈತಿ. ಟ್ರೇಲರ್ ಸೊಟ್ಟ ಆತಂದ್ರ ಕಾಲು ತಾನ ಬ್ರೇಕಿನ ಮ್ಯಾಲ ಹೋಗತೈತ್ರಿ ಸರ," ಎಂದ. ಸರ ಎಂದದ್ದು ನನಗೆ. ಇಸ್ತ್ರಿ ಅಂಗಿ ನನ್ನದೊಂದೇ ಇತ್ತು.

ಅವನು ಅತ್ತ ಹೋದದ್ದೇ ನಾವು ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಅವತ್ತಿನಿಂದ ಅವನು ನಮಗೆ ಮಗ್ಗದಂವ. ಉಳಿದವರೆಲ್ಲ ಡ್ರೈವರ್, ಅವನೊಬ್ಬ ಮಗ್ಗದಂವ. ಮುಂದಿನ ಸ್ಪರ್ಧೆ ಬನಹಟ್ಟಿಯಲ್ಲಿ, ಅವನ ಊರಲ್ಲೇ. ಅವನ ಹೆಂಡತಿ, ಮಗಳು, ಓಣಿಯ ಮಂದಿಯೆಲ್ಲ ನೋಡಲು ಬಂದಿದ್ದರು. ಗಾಡಿ ಅಲುಗಿದ ಕೂಡಲೇ ನಾನು ಬಾಯಿಗೆ ಕೈ ಹಿಡಿದು ಕೂಗಿದೆ: "ಎಳಿ ಹರೀತಲೇ!" ಸುತ್ತಲಿನವರೂ ಕೂಗಿದರು. ಅವನು ಮೂರು ಸಲ ನಿಂತ. ಮುಧೋಳದಲ್ಲಿ ಎರಡು ಸಲ. ಕೊನೆಗೆ ಅವನು ಗಾಡಿ ಹತ್ತುವ ಮೊದಲೇ ಮಂದಿ ಎಳಿ ಹರೀತು ಎಂದು ಒದರುವಂತಾಯಿತು. ಆ ಮಾತು ನನ್ನದು ಎಂದು ನಾನು ಹೆಮ್ಮೆಪಟ್ಟೆ, ನೋಡಿ.

ಮುಧೋಳದ ಮರುವಾರ ಸಾಹುಕಾರನೇ ಅಂಗಡಿಗೆ ಬಂದ. ಹಿಂದೆ ಇವನು, ಬ್ಯಾಟರಿ ಹೊತ್ತುಕೊಂಡು. ನಮ್ಮೆಲ್ಲರ ಮುಂದೆಯೇ ಸಾಹುಕಾರ ಹೇಳಿದ: "ಲೋಕಾಪುರದಾಗ ಒಮ್ಮೆನೂ ನಿಲ್ಲದ ತುದಿ ಬಾವುಟ ಮುಟ್ಟಿಸಿದಿ ಅಂದ್ರ ಮುಂದಿನ ಹಂಗಾಮಿಗೆ ಗಾಡಿ ನಿಂದು, ತೋಟದಾಗಿನ ಖೋಲಿನೂ ನಿಂದು. ನಿಂತಿ ಅಂದ್ರ ಚಾವಿ ಇಟ್ಟು ನಡಿ. ಮೂರ ಊರಾಗ ನನ್ನ ಹೆಸರು ನಗಿಪಾಟ್ಲ ಆಗೇತಿ."

ಸಾಹುಕಾರ ಹೋದ ಮೇಲೆ ಅವನು ನನ್ನ ಕಡೆ ತಿರುಗಿದ. ಯಾಕೆ ನನ್ನ ಕಡೆಯೇ ತಿರುಗಿದನೋ... "ಸರ, ನೀವು ಎಲ್ಲಾ ಸ್ಪರ್ಧಾ ನೋಡೀರಿ. ನಾ ಏನ್ ಮಾಡ್ಲಿ?"

ನನ್ನ ಚಹಾ ಆರುತ್ತಿತ್ತು. ತಲೆ ಎತ್ತದೆ ಹೇಳಿದೆ: "ನಿಲ್ಲಬ್ಯಾಡಪಾ. ಅದೇನು ನಿನ್ನ ಮಗ್ಗ ಅಲ್ಲ. ಏನ್ ಹರೀತೈತಿ ಹರೀಲಿ, ಸೊಟ್ಟ ಆದ್ರ ಆಗಲಿ, ಹೋಗಕೋತ ಸೀದಾ ಮಾಡ್ಕೊ. ಇಷ್ಟೂ ತಿಳೀದಿದ್ರ ಮನ್ಯಾಗ ಇರು." ಉಗುಳಿದಂತೆ ಹೇಳಿದ ಮಾತು. ಕಂಡಕ್ಟರ್ ಕಿಸಕ್ಕೆಂದ. ಅವನು ಮಾತ್ರ ಕೈಮುಗಿದು ಹೋದ.

ಲೋಕಾಪುರದ ಸ್ಪರ್ಧೆಗೆ ಎರಡು ದಿನ ಇರುವಾಗ ಕೋರ್ಟಿನ ಬಾಗಿಲಿಗೇ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಈ ವಲ್ಲಿ. ದಿನಾ ನಸುಕಿಗೆ ಎದ್ದು ಕಬ್ಬು ಕಡಿದ ಹೊಲದಲ್ಲಿ ರೂಢಿ ಮಾಡುತ್ತಿದ್ದನಂತೆ. "ಈಗ ನಿಲ್ಲಂಗಿಲ್ರಿ ಸರ. ಕಾಲು ಬ್ರೇಕಿನ ಕಡೆ ಹೊಂಟ್ರ ನಿಮ್ಮ ಮಾತ ನೆನಸತೇನಿ. ನೀವು ಹೇಳಿದ್ದ ಖರೆ ಆತು." ಮಗ್ಗದ ಮೇಲೆ ಒಂದು ಹಾಸು ಹಾಗೇ ಉಳಿದಿತ್ತಂತೆ, ಸೀರೆಗೆ ಸಾಲದಷ್ಟು ನೂಲು. ಅದನ್ನೇ ವಲ್ಲಿ ಮಾಡಿ ಮಗ್ಗ ಬಿಚ್ಚಿಟ್ಟು ಬಂದಿದ್ದ. ಇನ್ನು ನೇಯುವುದಿಲ್ಲ ಎಂದ. ಅವನು ಹೋದ ಮೇಲೆ ನಾನು ಅದನ್ನು ಜೊತೆಯ ಗುಮಾಸ್ತರಿಗೆಲ್ಲ ಬಿಚ್ಚಿ ತೋರಿಸಿ ನಗಿಸಿದೆ. ಹೆಂಗಸರ ಬಣ್ಣದ ವಲ್ಲಿ ಹೊದ್ದು ಎಲ್ಲಿಗೆ ಹೋಗಲಿ, ಹೇಳಿ?

ಲೋಕಾಪುರದಲ್ಲಿ ಮಂದಿ ಕಿಕ್ಕಿರಿದಿತ್ತು. ನಾವು ಮೂವರೂ ತುದಿಯ ಬಾವುಟದ ಹತ್ತಿರ ಜಾಗ ಹಿಡಿದಿದ್ದೆವು. ಅವನ ಪಾಳಿ ಬಂತು. ಶುರುವಿಗೆ ಮಾಮೂಲಿನಂತೆ ಎಳಿ ಹರೀತು ಎಂದು ಹತ್ತಾರು ದನಿ ಎದ್ದವು. ಅವನು ಕೇಳಿಸಿಕೊಂಡಂತೆಯೇ ಇರಲಿಲ್ಲ. ಕತ್ತು ಹಿಂದಕ್ಕೆ ತಿರುಗಿಸಿ ಕೂತವನು, ಕೈ ಸ್ಟೇರಿಂಗ್ ಮೇಲೆ ಸಣ್ಣಗೆ ಆಡುತ್ತಿತ್ತು. ಟ್ರೇಲರ್ ಎಡಕ್ಕೆ ವಾಲಿತು. ನಿಲ್ಲಲಿಲ್ಲ, ಹೋಗುತ್ತಲೇ ಸರಿಮಾಡಿಕೊಂಡ. ಬಲಕ್ಕೆ ವಾಲಿತು, ಅದನ್ನೂ ಸರಿಮಾಡಿಕೊಂಡ. ಕೂಗುತ್ತಿದ್ದವರು ಒಬ್ಬೊಬ್ಬರೇ ಸುಮ್ಮನಾದರು. ಅರ್ಧ ಬಯಲು ದಾಟಿತು. ಬಯಲಿಗೆ ಬಯಲೇ ಸ್ತಬ್ಧ. ಇಂಜಿನ್ ಸದ್ದೊಂದೇ.

"ಯವ್ವಾ, ಮಗ್ಗದಂವ ಮುಟ್ಟಿಸತಾನಲ್ಲೋ!" ಎಂದ ಕಂಡಕ್ಟರ್, ಬಾಯಿ ತೆರೆದು.

ಆ ಹೊತ್ತಿನಲ್ಲಿ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಮುಚ್ಚಿಡುವುದಿಲ್ಲ. ಇವನು ಗೆದ್ದುಬಿಟ್ಟರೆ ನಾಳೆಯಿಂದ ನಾವು ಬಾಕಿನ ಮೇಲೆ ಕೂತು ಏನು ಮಾತಾಡುವುದು? ಇಡೀ ಹಂಗಾಮು ನಗಿಸಿದವನು ಕೈ ತಪ್ಪಿ ಹೋಗುತ್ತಾನಲ್ಲ! ಇಷ್ಟು ಹಲ್ಕಾ ವಿಚಾರ ಒಬ್ಬ ಮನುಷ್ಯನಿಗೆ ಬರಬಹುದೇ? ಬಂತು. ಟ್ರೇಲರ್ ನಮ್ಮಿಂದ ಇಪ್ಪತ್ತು ಹೆಜ್ಜೆ ಇರುವಾಗ ಗಂಟಲು ಹರಿಯುವಂತೆ ಕೂಗಿದೆ: "ಎಳಿ ಹರೀತಲೇ!"

ಆ ಸ್ತಬ್ಧ ಬಯಲಿನಲ್ಲಿ ನನ್ನ ದನಿಯೊಂದೇ ಕೇಳಿಸಿತು. ಅವನ ಕತ್ತು ಸಟ್ಟನೆ ನನ್ನ ಕಡೆ ತಿರುಗಿತು. ಬ್ರೇಕು ಬಿತ್ತು. ಅವನು ಜಿಗಿದು ಇಳಿದು ಟ್ರೇಲರಿನ ಕೊಂಡಿಯ ಹತ್ತಿರ ಮೊಣಕಾಲೂರಿ ಕೂತ. ಪಿನ್ನು ಮುಟ್ಟಿ ನೋಡಿದ, ಅಡಿಗೆ ಬಗ್ಗಿ ಗಾಲಿ ನೋಡಿದ. ಅಷ್ಟರಲ್ಲಿ ನಿಮಿಷ ಮುಗಿದ ಸೀಟಿ ಕೇಳಿತು. ಮಂದಿ ಹೋ ಎಂದು ನಕ್ಕಿತು. ಸಾಹುಕಾರ ಬಂದು ಕೈ ಚಾಚಿದ, ಇವನು ಚಾವಿ ಕೊಟ್ಟ.

ನಾನು ಗುಂಪಿನಲ್ಲಿ ಸೇರಿ ಜಾರಿಕೊಳ್ಳಲು ನೋಡಿದೆ. ಅವನು ಹುಡುಕಿಕೊಂಡು ಬಂದ. ಬೈಯುತ್ತಾನೆ, ಹೊಡೆದರೂ ಹೊಡೆದಾನು ಎಂದು ಮೈ ಬಿಗಿಹಿಡಿದು ನಿಂತೆ. ಅವನು ಕೇಳಿದ್ದು, "ಏನ್ ಆಗಿತ್ರಿ ಸರ? ನನಗೇನೂ ಕಾಣಲಿಲ್ಲ."

ನಾನು ಟ್ರೇಲರಿನ ಕೊಂಡಿಯ ಕಡೆ ನೋಡಿದೆ.

"ಮಂದಿ ಒದರಿದ್ರ ನಾ ನಿಲ್ಲತಿದ್ದಿಲ್ರಿ. ನಿಮ್ಮ ದನಿ ಇತ್ತು. ನಿಲ್ಲಬ್ಯಾಡ ಅಂತ ಹೇಳಿದಾವ್ರ ನೀವು. ನೀವ ಒದರಾಕತ್ತೀರಿ ಅಂದ್ರ ಖರೇನ ಏನೋ ಆಗೇತಿ ಅಂತ ಇಳದ್ನಿರಿ."

ಆಗಲಾದರೂ ತಪ್ಪಾಯಿತು ಅನ್ನಬಹುದಿತ್ತು. ಸಾಹುಕಾರ ಇನ್ನೂ ಅಲ್ಲೇ ನಿಂತಿದ್ದ, ಎರಡು ಮಾತು ಹೇಳಬಹುದಿತ್ತು. ನಾನು ಹೇಳಿದ್ದು, "ಕೊಂಡಿ ಪಿನ್ನು ಎದ್ದಂಗ ಕಾಣ್ತಪಾ."

ಅವನ ಮುಖ ಸಡಿಲಾಯಿತು. "ಛಲೋ ಆತ್ರಿ ಹೇಳಿದ್ದು. ಟ್ರೇಲರ್ ಬಿಚ್ಚಿ ಮಂದಿ ಮ್ಯಾಲ ಹೋಗಿದ್ರ ಏನ್ ಗತಿ," ಎಂದು ನನಗೆ ಕೈಮುಗಿದು ಬಸ್ಸಿನ ಕಡೆ ನಡೆದ.

ಕಂಡಕ್ಟರ್ ಅಂದು ನಗಲಿಲ್ಲ. ವಾಪಸು ಬರುವಾಗ ಬೇರೆ ಸೀಟಿನಲ್ಲಿ ಕೂತ. ಬಾಕಿನ ಮೇಲೆ ನಮ್ಮ ಕೋರ್ಟು ಮತ್ತೆಂದೂ ಸರಿಯಾಗಿ ಕೂಡಲಿಲ್ಲ.

ಎರಡು ವರ್ಷ ಕಳೆದು ಏನೋ ನೆಪ ಮಾಡಿಕೊಂಡು ಬನಹಟ್ಟಿಗೆ ಹೋದೆ. ಓಣಿ ತುಂಬ ಪವರ್‌ಲೂಮಿನ ಖಟಖಟ, ಕೂಗಿ ಮಾತಾಡಬೇಕು. ಯಾರ ಹೆಸರು ಹಿಡಿದು ಕೇಳಲಿ? ಟ್ರ್ಯಾಕ್ಟರ್ ಹೊಡೆಯುತ್ತಿದ್ದ ನೇಕಾರ ಎಂದೆ. ಕಟ್ಟೆಯ ಮೇಲೆ ಕೂತಿದ್ದ ಹುಡುಗರು, "ಎಳಿ ಹರೀತು ಅಂತಿದ್ರಲ್ಲ, ಅಂವನ?" ಎಂದು ನಕ್ಕರು. ನನ್ನ ಮಾತು ನನಗಿಂತ ಮೊದಲೇ ಆ ಓಣಿಗೆ ಬಂದು ಕೂತಿತ್ತು. ಮುದುಕಿಯೊಬ್ಬಳು ಹೇಳಿದಳು: ಹೆಂಡತಿ ಮಗಳನ್ನು ಕರೆದುಕೊಂಡು ಮಹಾರಾಷ್ಟ್ರದ ಇಚಲಕರಂಜಿಗೆ ದುಡಿಯಲು ಹೋದ, ಅಲ್ಲೇ ತೀರಿಕೊಂಡನಂತೆ. ಏನಾಗಿತ್ತು ಎಂದು ಅವಳಿಗೂ ಗೊತ್ತಿರಲಿಲ್ಲ...

ಮೊನ್ನೆ ವಲ್ಲಿ ಹಿಡಿದು ಕೂತಿದ್ದಾಗ ನನ್ನ ಹೆಂಡತಿ ಬಂದು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಎಷ್ಟ ಚಂದ ನೇಯ್ದಾರ್ರಿ. ಎಲ್ಲೂ ಒಂದ ಎಳಿ ತಪ್ಪಿಲ್ಲ. ಯಾರ ಕೊಟ್ಟಿದ್ದು?"

"ಒಬ್ಬಾಂವ ಡ್ರೈವರ್ ಕೊಟ್ಟಿದ್ದ," ಎಂದೆ.

"ಹೆಸರೇನು?"

ನನಗೆ ಗೊತ್ತಿರಲಿಲ್ಲ. ಇಡೀ ಒಂದು ಹಂಗಾಮು ಅವನ ಮಾತಾಡಿಯೇ ಹೊತ್ತು ಕಳೆದಿದ್ದೆ, ಹೆಸರು ಮಾತ್ರ ಒಮ್ಮೆಯೂ ಕೇಳಿರಲಿಲ್ಲ.