ಖಾಲಿ ಕಳಿಸಬಾರದ ಡಬ್ಬಿ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದು ಗುಣವೆಂದು ತವರಿನವರೂ, ಕಾಯಿಲೆಯೆಂದು ಗಂಡನ ಮನೆಯವರೂ ತೀರ್ಮಾನಿಸಿ ಬಹಳ ದಿನಗಳಾದವು. ವಾರದಲ್ಲಿ ಆರು ದಿನ ರಾಣೆಬೆನ್ನೂರಿನಿಂದ ಮೋಟೆಬೆನ್ನೂರಿಗೆ ಬಸ್ಸಿನಲ್ಲಿ ನಿಂತೇ ಹೋಗಿ, ಹೈಸ್ಕೂಲಿನಲ್ಲಿ ನಿಂತೇ ಇತಿಹಾಸ ಹೇಳಿ, ನಿಂತೇ ಮರಳುವವಳು ನಾನು. ಭಾನುವಾರ ಕುರ್ಚಿ ಸಿಕ್ಕರೆ ಅದರಲ್ಲಿ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಐದು ನಿಮಿಷಕ್ಕೆ ಮನೆಯ ಯಾವುದೋ ಸಾಮಾನು ತಪ್ಪು ಜಾಗದಲ್ಲಿದೆ ಅನ್ನಿಸತೊಡಗುತ್ತದೆ.

ಹೆದ್ದಾರಿ ಅಗಲ ಮಾಡುವ ಕೆಲಸ ನಡೆದು, ನಮ್ಮ ಬಸ್ಸು ಧೂಳಿನಲ್ಲಿ ತೆವಳುತ್ತಿದ್ದ ವರ್ಷಗಳವು. ಅಂಥದೊಂದು ಭಾನುವಾರ ಹಳೆಯ ವಾರಪತ್ರಿಕೆಯೊಂದು ಕೈಗೆ ಸಿಕ್ಕಿತು. ಅದರಲ್ಲಿ ಯಾವುದೋ ದೊಡ್ಡ ಊರಿನ ಅಡುಗೆಮನೆಯ ಚಿತ್ರ. ಒಂದೇ ಅಳತೆಯ ಡಬ್ಬಿಗಳು ಡ್ರಿಲ್ ಪೀರಿಯಡ್ಡಿನ ಮಕ್ಕಳಂತೆ ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಹೆಸರಿನ ಚೀಟಿ. ಕಡಿಮೆ ಖರ್ಚಿನಲ್ಲಿ ನೀವೇ ಮಾಡಿಕೊಳ್ಳಿ ಎಂದು ಕೆಳಗೆ ಬರೆದಿತ್ತು. ತಲೆಯೆತ್ತಿ ನಮ್ಮ ಹಲಗೆಗಳನ್ನು ನೋಡಿದೆ. ಗಿಡ್ಡ, ಉದ್ದ, ನೆಗ್ಗಿದ್ದು, ಬೇರೆಯದರ ಮುಚ್ಚಳ ಹಾಕಿಕೊಂಡದ್ದು. ತೊಗರಿಬೇಳೆ ಬೇಕೆಂದರೆ ನಾಲ್ಕು ಮುಚ್ಚಳ ತೆಗೆಯಬೇಕು. ಬಸ್ಸು ಹಿಡಿಯಬೇಕಾದ ನಾನು, ಬೀಜದ ಅಂಗಡಿ ತೆರೆಯಬೇಕಾದ ನಮ್ಮವರು, ಒಂದು ಕಾಲಿಗಷ್ಟೇ ಸಾಕ್ಸ್ ಹಾಕಿಕೊಂಡು ಓಡಾಡುವ ಇಬ್ಬರು ಮಕ್ಕಳು. ಇಂಥ ಮನೆಗೆ ನಾಲ್ಕು ಮುಚ್ಚಳ ಹೆಚ್ಚೇ ಆಯಿತು.

ಅತ್ತೆ ಎರಡು ದಿನ ಮೇಡ್ಲೇರಿಯ ಮಗಳ ಮನೆಗೆ ಹೋಗಿದ್ದರು. ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಗದೆಂದು ಸೆರಗು ಸಿಕ್ಕಿಸಿದೆ. ಅಂಗಡಿಗೆ ಮಾಲು ಬಂದಿದ್ದ ಕಟ್ಟಿಗೆಯ ಪೆಟ್ಟಿಗೆಗಳನ್ನು ಒಡೆದು ನಮ್ಮವರು ಹೊಸ ಹಲಗೆ ಹೊಡೆದರು. ಮೊಳೆಗೆ ಬಿದ್ದಷ್ಟೇ ಏಟು ಹೆಬ್ಬೆರಳಿಗೂ ಬಿತ್ತು. ಬಾಗಿಲಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣ ಎರಡೂವರೆ ಹಲಗೆಗೆ ಮುಗಿಯಿತು. ನನ್ನ ಹಳೆಯ ಇಳಕಲ್ ಸೀರೆ ಪರದೆಯಾಯಿತು. ಮಗಳು ನಾಲಿಗೆ ಹೊರಚಾಚಿ ಚೀಟಿ ಬರೆದಳು. ಡಬ್ಬಿಗಳದ್ದೊಂದೇ ಬಾಕಿ. ಪೇಟೆಯ ಪಾತ್ರೆ ಅಂಗಡಿಯಲ್ಲಿ ಹಳೆಯ ಸ್ಟೀಲನ್ನು ತೂಕಕ್ಕೆ ಹಾಕಿಕೊಂಡು ಕೆಂಪು ಮುಚ್ಚಳದ ಹೊಸ ಡಬ್ಬಿ ಕೊಡುತ್ತಿದ್ದರು.

ನಮ್ಮ ಕಡೆ ಹೆಸರು ಕೊರೆಸದೆ ಯಾರೂ ಪಾತ್ರೆ ಕೊಡುವುದಿಲ್ಲ. ಚೀಲಕ್ಕೆ ತುಂಬುವಾಗ ಒಂದೊಂದನ್ನೂ ಓದಿದೆ. ಒಂದರ ಮೇಲೆ ಹಾವೇರಿಯ ಸೋದರಮಾವ, ಇನ್ನೊಂದರ ಮೇಲೆ ಐರಣಿಯ ಯಾರೋ ಗೆಳತಿ, ಮತ್ತೊಂದರ ಮೇಲೆ ತೊಟ್ಟಿಲ ದಿನದ ತಾರೀಖು. ನಮ್ಮ ಸೀಮೆಯಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಕೊಟ್ಟವರಾರು, ಪಡೆದವರಾರು, ಅದನ್ನು ಹಾಳು ಮಾಡಿದವನು ಯಾವ ನರಕಕ್ಕೆ ಹೋಗುತ್ತಾನೆ, ಎಲ್ಲ ಅವುಗಳಲ್ಲೇ ಇರುತ್ತದೆ. ಅವುಗಳ ಮೇಲೆ ಬಟ್ಟೆ ಒಗೆಯಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಭಾಷಣ ಬಿಗಿಯುವ ನಾನೇ ಮನೆಯ ಶಾಸನಗಳನ್ನೆಲ್ಲ ಓದಿ, ಮೆಚ್ಚಿ, ತಕ್ಕಡಿಗೆ ಹಾಕಿ ಬಂದೆ. 'ಶಾಂತವ್ವ, ಬ್ಯಾಡಗಿ' ಎಂದು ಕೊರೆದಿದ್ದ ಡಬ್ಬಿಯನ್ನೂ ಓದಿದ್ದೆ. ನಾಲ್ಕು ವರ್ಷದಿಂದ ಖಾಲಿ ಬಿದ್ದಿದೆಯಲ್ಲ ಎಂದುಕೊಂಡೆ, ಅಷ್ಟೇ.

ಶಾಂತವ್ವ ಅತ್ತೆಯ ಬೆನ್ನಿಗೆ ಬಿದ್ದ ತಂಗಿ. ನನ್ನ ನಾದಿನಿಯ ಮದುವೆಯಲ್ಲಿ ಅತ್ತೆ ಆಕೆಗೆ ಉಡಿ ತುಂಬಿ ಕೊಟ್ಟ ಖಣ, ಹಿಂದಿನ ವರ್ಷ ಆಕೆಯೇ ಅತ್ತೆಗೆ ಕೊಟ್ಟದ್ದಾಗಿತ್ತು. ಕುಪ್ಪಸದ ಬಟ್ಟೆ ಹೀಗೆ ಊರು ತಿರುಗಿ ತವರಿಗೆ ಬರುವುದು ಹೊಸದೇನಲ್ಲ, ಆದರೆ ಅಂದು ನೆಂಟರೆದುರು ಅದು ಗುರುತು ಸಿಕ್ಕಿಬಿಟ್ಟಿತು. ಅಂದಿನಿಂದ ಮಾತಿಲ್ಲ. ಅದಕ್ಕೂ ಮೊದಲು ಶೇಂಗಾ ಹೋಳಿಗೆ ತುಂಬಿಕೊಂಡು ಬಂದಿದ್ದ ಡಬ್ಬಿ ನಮ್ಮಲ್ಲೇ ಉಳಿಯಿತು. ಡಬ್ಬಿಯನ್ನು ಖಾಲಿ ಮರಳಿಸಬಾರದು. ಏನಾದರೂ ಒಳ್ಳೆಯದು ಮಾಡಿ ತುಂಬಿಕೊಂಡು ಹೋಗೋಣವೆಂದು ಅತ್ತೆ ಪ್ರತಿ ದೀಪಾವಳಿಗೂ ಅದನ್ನಿಳಿಸಿ, ಒರೆಸಿ, ಮತ್ತೆ ಮೇಲಿಡುತ್ತಿದ್ದರು. ನಾನದನ್ನು ಬರೀ ಸ್ವಚ್ಛತೆ ಎಂದುಕೊಂಡಿದ್ದೆ.

ಸೋಮವಾರ ಸಂಜೆ ಅತ್ತೆ ಬಂದವರು ಪರದೆ ಸರಿಸಿ ನೋಡಿದರು. ಕೆಂಪು ಮುಚ್ಚಳ ಚೆನ್ನಾಗಿವೆ ಎಂದರು. ನಾನು ಹಿಗ್ಗುತ್ತಿರುವಾಗಲೇ ಕೇಳಿದರು, "ಶಾಂತಿ ಡಬ್ಬಿ ಎಲ್ಲೈತಿ?"

ಹೇಳಿದೆ. ಬೈಯುತ್ತಾರೆಂದು ಕಾದೆ. ಅತ್ತೆ ಬೈಯಲಿಲ್ಲ, ಮೆಲ್ಲಗೆ ಕೂತುಕೊಂಡರು. "ಅಕಿ ಮನಿಗೆ ಹೋಗಾಕ ಅದೊಂದ ನೆಪ ಇತ್ತು. ಇನ್ನ ಏನಂತ ಹೇಳಿ ಹೋಗ್ಲಿ?" ಎಂದರು.

 ಮರುದಿನ ಪಾತ್ರೆ ಅಂಗಡಿಗೆ ಓಡಿದರೆ, ಹಳೆಯ ಸ್ಟೀಲೆಲ್ಲ ಬೆಳಿಗ್ಗೆಯೇ ಲಾರಿ ಹತ್ತಿತ್ತು. ಆ ವಾರ ಪಾಠದಲ್ಲಿ ಒಬ್ಬ ರಾಜನನ್ನು ಎರಡು ಸಲ ಸಾಯಿಸಿದೆ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಬ್ಯಾಡಗಿಯ ಟೆಂಪೋದವನು ದಿನಾ ಕೂಗುತ್ತಿದ್ದ. ನಾಲ್ಕು ವರ್ಷ ದಿನಾ ಇಳಿದ ಜಾಗವದು. ಅಲ್ಲಿಂದ ಮುಂದೆ ಒಮ್ಮೆಯೂ ಹೋಗಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಶನಿವಾರ, ನಾನೇ ಹೋಗಿ ತಪ್ಪೊಪ್ಪಿಕೊಂಡು ಬರುತ್ತೇನೆ ಎಂದೆ. ಅತ್ತೆ ಒಪ್ಪಲಿಲ್ಲ. "ಕಳದಾಕಿ ನೀ, ಖರೇ. ಆದರ ಅಕಿ ಕೊಟ್ಟಿದ್ದು ನನಗ. ನಾನ ಹೇಳಬೇಕು."

ಭಾನುವಾರ ಇಬ್ಬರೂ ಹೋದೆವು, ಬರಿಗೈಯಲ್ಲಿ. ಶಾಂತವ್ವ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅಪ್ಪಿಕೊಂಡು ಅಳುತ್ತಾರೆ, ಡಬ್ಬಿಯ ಮಾತು ಕಣ್ಣೀರಲ್ಲಿ ಕೊಚ್ಚಿಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ಹಾಗೇನೂ ಆಗಲಿಲ್ಲ. ನಾಲ್ಕು ವರ್ಷ ಇಟ್ಟುಕೊಂಡು ಈಗ ಕಳೆದಿದೆ ಎಂದು ಹೇಳಲು ಬಂದಿದ್ದೀಯಾ ಎಂದು ಆಕೆ ಶುರುಮಾಡಿದರು. ಡಬ್ಬಿಯಿಂದ ಖಣಕ್ಕೆ, ಖಣದಿಂದ ಚಿಕ್ಕಂದಿನಲ್ಲಿ ಕಸಿದುಕೊಂಡ ಬಳೆಗೆ ಹೋಯಿತು ಜಗಳ. ನಾನು ಚಡಪಡಿಸುತ್ತಾ ಕೂತೆ. ಎರಡು ತಾಸಾಯಿತು. ನಡುವೆ ಯಾವಾಗಲೋ ಅತ್ತೆಯೂ ಬುಟ್ಟಿಗೆ ಕೈಹಾಕಿ ತೊಟ್ಟು ಬಿಡಿಸತೊಡಗಿದ್ದರು. ಜಗಳ ನಿಲ್ಲಲಿಲ್ಲ, ಕೈಗಳೂ ನಿಲ್ಲಲಿಲ್ಲ.

ಹೊರಡುವಾಗ ಶಾಂತವ್ವ ಒಳಗೆ ಹೋಗಿ ಒಂದು ಡಬ್ಬಿಯ ತುಂಬ ಹೊಸ ಖಾರಪುಡಿ ತಂದು ಅಕ್ಕನ ಕೈಗಿಟ್ಟರು. ನನ್ನ ಕಡೆ ನೋಡುತ್ತಾ, "ಇದನ್ನರ ತಿರುಗಿ ಮುಟ್ಟಸ್ತೀರೋ, ಇದನ್ನೂ ತೂಕಕ್ಕ ಹಾಕ್ತೀರೋ?" ಎಂದರು.

ಮುಂದಿನ ಭಾನುವಾರ ನಾನು ಬೆಳಿಗ್ಗೆಯೇ ಯೋಜನೆ ಹಾಕಿದೆ. ಶೇಂಗಾ ಹುರಿಯಬೇಕು, ಬೆಲ್ಲ ಕುಟ್ಟಬೇಕು, ಹೋಳಿಗೆಯಾಗಲು ಸಂಜೆಯಾದೀತು, ಮುಂದಿನ ವಾರ ಹೋದರಾಯಿತು ಎಂದೆ. ಅತ್ತೆ ಆಗಲೇ ಸೀರೆ ಬದಲಿಸಿ ನಿಂತಿದ್ದರು. ನನ್ನ ಸಾಲಿನಿಂದ 'ಅವಲಕ್ಕಿ' ಎಂದು ಚೀಟಿಯಿದ್ದ ಡಬ್ಬಿಯನ್ನಿಳಿಸಿ, ಅದರಲ್ಲಿದ್ದುದನ್ನು ತೊಳೆದಿಟ್ಟ ತಂಗಿಯ ಡಬ್ಬಿಗೆ ಸುರಿದರು.

"ಬರೇ ಅವಲಕ್ಕಿ ಒಯ್ಯೂದೇನ್ರಿ ಅತ್ತಿ?" ಎಂದೆ.

"ಛಲೋದು ಮಾಡಿ ಒಯ್ಯೂಣು ಅಂತ ಕುಂತು ನಾಕ ವರ್ಷ ಹೋದ್ವು. ಈಗ ಇಬ್ಬರಿಗೂ ವಯಸ್ಸಾಗೈತಿ. ನಡಿ ಲಗೂ," ಎಂದವರು ಮುಚ್ಚಳ ಒತ್ತಿದರು. ನಾನು ಚಪ್ಪಲಿ ಹುಡುಕುವಷ್ಟರಲ್ಲಿ ಓಣಿಯ ತಿರುವು ದಾಟಿದ್ದರು.