ಮತ್ತೆ ಕೆಮ್ಮು, ಮತ್ತೊಂದು ಹಿಡಿ ಮೆಣಸಿನಕಾಯಿ

“ಹುಡುಗಿ ಮತ್ತ ಕೆಮ್ಮಾಕತ್ತ್ಯಾಳ ನೋಡವಾ. ಜಲ್ದಿ ಬಾ.”

ಫೋನಿನಲ್ಲಿ ನಮ್ಮ ಅತ್ತೆ ಹೇಳಿದ್ದು ಇಷ್ಟೇ. ನಾನಿದ್ದದ್ದು ಲಿಂಗಸುಗೂರಿನಿಂದ ಮಸ್ಕಿಗೆ ಬರುವ ಬಸ್ಸಿನಲ್ಲಿ. ಸಂತೆಕಲ್ಲೂರಿನಲ್ಲಿ ಹತ್ತಿದ ಹೆಂಗಸೊಬ್ಬಳು ತನ್ನ ಜೋಳದ ಚೀಲವನ್ನು ನನ್ನ ಪಾದದ ಮೇಲೇ ಇಳಿಸಿ, “ಸ್ವಲ್ಪ ಸರೀರಿ ಅಕ್ಕಾರ” ಎಂದು ಎರಡು ಸಲ ಕೇಳಿದಳು. ನಾನು ಸರಿಯಲಿಲ್ಲ. ನನ್ನ ಕಿವಿಯಲ್ಲಿ ಅತ್ತೆಯ ಮಾತೊಂದೇ ಇತ್ತು.

ಬರೀ ಕೆಮ್ಮು ಎಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ‘ಮತ್ತ’ ಅಂದರಲ್ಲ, ಅದನ್ನು ಹೇಗೆ ಸಹಿಸಿಕೊಳ್ಳುವುದು?

ನಮ್ಮ ಮಗಳು ಶಾಂಭವಿ ಒಂದನೇ ಕ್ಲಾಸು. ಸ್ಕೂಲು ತೆರೆಯಿತು ಎಂದು ಕುಣಿದಾಡಿಕೊಂಡು ಹೋದವಳು, ಮೊನ್ನೆ ಮೊನ್ನೆ ಕೋವಿಡ್ ಹೊತ್ತುಕೊಂಡು ಬಂದಿದ್ದಳು. ಆಗ ನಾವು ಪಟ್ಟ ಪಾಡನ್ನು ಇಲ್ಲಿ ಬರೆದು ನಿಮ್ಮ ತಲೆ ತಿನ್ನುವುದಿಲ್ಲ. (ನಿಮ್ಮ ಮನೆಯಲ್ಲೂ ಆಗಿರುತ್ತದೆ, ನೀವು ಯಾರಿಗೂ ಹೇಳಿರುವುದಿಲ್ಲ, ಅಷ್ಟೇ.) ಜ್ವರ ಬಿಟ್ಟಿತು, ಕೆಮ್ಮು ನಿಂತಿತು, ರಿಪೋರ್ಟು ನೆಗೆಟಿವ್ ಬಂತು. ನಾನು ಲಿಂಗಸುಗೂರಿನ ಕಾಲೇಜಿಗೆ ಪಾಠಕ್ಕೆ ಹೋಗತೊಡಗಿದೆ. ನಮ್ಮ ಮನೆಯವರು ಮಸ್ಕಿಯಲ್ಲೇ ಇರುವ ತಮ್ಮ ಬಟ್ಟೆ ಅಂಗಡಿಯ ಶೆಟರ್ ಎತ್ತಿದರು. ಹಗಲು ಹೊತ್ತು ಮಗಳ ಜವಾಬ್ದಾರಿಯೆಲ್ಲ ಅತ್ತೆಯದು. ಅಜ್ಜಿ, ಮೊಮ್ಮಗಳು, ಕಾರ್ಟೂನು, ಸಜ್ಜಿಗೆ. ಎಲ್ಲ ಸರಿಹೋಯಿತು ಎಂದುಕೊಂಡಿದ್ದೆವು.

ಸರಿಹೋಯಿತು ಎಂದುಕೊಳ್ಳಲು ಜನ ಬಿಡಬೇಕಲ್ಲ? ಗುಣವಾದ ಮೇಲೆ ಬಂದು ಮಾತಾಡಿಸಿ ಹೋಗುವುದು ನಮ್ಮ ಕಡೆ ಒಂದು ಮರ್ಯಾದೆ. ಬಂದವರು ಕಾಯಿಲೆಯ ಹೆಸರು ಎತ್ತುವುದಿಲ್ಲ. “ಹುಡುಗಿಗೆ ಅದಾಗಿತ್ತಂತಲ್ಲ?” ಎಂದು ಮೆತ್ತಗೆ ಕೇಳುತ್ತಾರೆ. ಆಮೇಲೆ ಚಹಾ ಕುಡಿದು, ಹೊರಡುವಾಗ ಹೊಸ್ತಿಲಲ್ಲಿ ನಿಂತು ಬಾಂಬು ಹಾಕುತ್ತಾರೆ: “ಅದು ಮತ್ತ ಬರ್ತೈತಂತ, ಹೌದೇನ್ರಿ?”

ಗುರುಗುಂಟಾದಿಂದ ಬಂದ ದೂರದ ಸಂಬಂಧಿಕರೊಬ್ಬರು ತಮ್ಮ ಓಣಿಯಲ್ಲಿ ಒಬ್ಬನಿಗೆ ಮೂರು ಸಲ ಬಂದು ಹೋದ ಕಥೆಯನ್ನು ಎಷ್ಟು ಆಸೆಪಟ್ಟು ಹೇಳಿದರೆಂದರೆ, ಅವರಿಗೆ ಇನ್ನೊಂದು ಕಪ್ ಚಹಾ ಬೇಕೇ ಎಂದು ಕೇಳುವ ಮನಸ್ಸೇ ನನಗೆ ಆಗಲಿಲ್ಲ. ವಾಟ್ಸ್ಆ್ಯಪ್ ಗ್ರೂಪು ತೆರೆದರೆ ಒಬ್ಬರು ಇನ್ನು ಬರುವುದೇ ಇಲ್ಲ ಎನ್ನುತ್ತಾರೆ, ಅದರ ಕೆಳಗೇ ಇನ್ನೊಬ್ಬರು ಎರಡನೇ ಸಲ ಬಂದರೆ ಉಳಿಯುವುದಿಲ್ಲ ಎನ್ನುತ್ತಾರೆ. ಇಬ್ಬರೂ ಕೊನೆಗೆ ಕೈಮುಗಿಯುವ ಚಿತ್ರ ಹಾಕಿರುತ್ತಾರೆ!

ಹೀಗಾಗಿ ಮಗಳು ಸೀನಿದರೆ ನಾನು ಎದ್ದು ಕೂರುತ್ತಿದ್ದೆ. ಊಟ ಅರ್ಧ ಬಿಟ್ಟರೆ ಥರ್ಮಾಮೀಟರ್. ಸುಮ್ಮನೆ ಕೂತರೆ ಬೆರಳಿಗೆ ಆ ಆಕ್ಸಿಜನ್ ನೋಡುವ ಮಷಿನ್. ಅವಳಾದರೋ ಅದನ್ನು ತನ್ನ ಗೊಂಬೆಯ ಬೆರಳಿಗೂ ಸಿಕ್ಕಿಸಿ ಆಡುತ್ತಿದ್ದಳು.

ಇಂಥ ಸ್ಥಿತಿಯಲ್ಲಿದ್ದವಳಿಗೆ ಬಂದ ಫೋನು ಅದು. ಮಸ್ಕಿ ಬರುವವರೆಗೆ ಆ ಬಸ್ಸು ಅಷ್ಟು ನಿಧಾನ ಯಾಕೆ ಹೋಗುತ್ತಿತ್ತೋ, ಡ್ರೈವರಿಗೇ ಗೊತ್ತು. ಮನೆಯವರಿಗೆ ಫೋನ್ ಹಚ್ಚಿದೆ. “ಗೆಳೆಯನ ಕಾರ್ ತಗೊಂಡ ಬರ್ತೀನಿ, ನೀ ಗಾಬರಿ ಆಗಬ್ಯಾಡ” ಎಂದರು.

ಮನೆ ಮುಟ್ಟಿದಾಗ ಅತ್ತೆ ಮಗಳನ್ನು ಎತ್ತಿಕೊಂಡು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಹುಡುಗಿಯ ಕಣ್ಣು ಕೆಂಡ. ಮೂಗಿನಿಂದ ನೀರು. ಕೆಮ್ಮಿ ಕೆಮ್ಮಿ ಒಂದು ಸಲ ವಾಂತಿಯೂ ಆಗಿತ್ತಂತೆ. ಅತ್ತು ಅತ್ತು ಮೈ ಬೆಚ್ಚಗಾಗಿತ್ತು. ಅದು ಅಳುವಿನ ಬಿಸಿಯೋ ಜ್ವರದ ಬಿಸಿಯೋ ತಿಳಿಯುವ ತಾಳ್ಮೆ ಯಾರಿಗಿತ್ತು? ಮಾಸ್ಕಿನ ಮೇಲೆ ಮಾಸ್ಕು ಹಾಕಿಕೊಂಡಿದ್ದ ನಾನು ಅದನ್ನು ಕೆಳಗಿಳಿಸಲೂ ಇಲ್ಲ, ಮನೆಯೊಳಗೆ ಕಾಲಿಡಲೂ ಇಲ್ಲ. ಕಾರು ಬಂತು. ಹತ್ತಿದೆವು. ಸಿಂಧನೂರಿನ ಕಡೆ ಹೊರಟೆವು. ಅಲ್ಲಿ ನಮ್ಮ ಮಕ್ಕಳ ಡಾಕ್ಟರು ಇದ್ದಾರೆ.

ಅತ್ತೆ ಹಿಂದಿನ ಸೀಟಿನಲ್ಲಿ ಮೊಮ್ಮಗಳನ್ನು ಎದೆಗೆ ಅವಚಿಕೊಂಡೇ ಕೂತರು. ನನಗೂ ಕೊಡಲಿಲ್ಲ.

“ಏನೂ ಆಗಂಗಿಲ್ಲ ಬಿಡು. ನೆದರು ತೆಗದೀನಿ. ಬಿಟ್ಟು ಹೋಗ್ತೈತಿ” ಎಂದರು.

(ದೃಷ್ಟಿಗೆ ನಮ್ಮ ಕಡೆ ನೆದರು ಎನ್ನುತ್ತಾರೆ. ಒಣಮೆಣಸಿನಕಾಯಿ, ಹರಳುಪ್ಪು ಹಿಡಿದು ಮಗುವಿಗೆ ನಿವಾಳಿಸಿ ಬೆಂಕಿಗೆ ಹಾಕುವುದು ಪದ್ಧತಿ.)

“ಅತ್ತಿ, ಸುಮ್ನ ಇರ್ರಿ ನೀವು. ಇದು ನೆದರಿನ ಜಡ್ಡಲ್ಲ” ಎಂದುಬಿಟ್ಟೆ. ದನಿ ಏರಿತ್ತು. ಅವರು ದಾರಿಯುದ್ದಕ್ಕೂ ಹುಡುಗಿಯ ಬೆನ್ನು ಸವರುತ್ತಾ ಕೂತರು. ನಡುನಡುವೆ ತಾವೂ ಒಂದೊಂದು ಸಲ ಕೆಮ್ಮಿದರು. ಅದು ಯಾರಿಗೂ ಕೇಳಿಸಲಿಲ್ಲ. ಸರಿಯಾಗಿ ಹೇಳಬೇಕೆಂದರೆ, ಕೇಳಿಸಿತು, ಲೆಕ್ಕಕ್ಕೆ ಬರಲಿಲ್ಲ.

ಡಾಕ್ಟರು ನಮ್ಮ ಕಡೆಯವರೇ, ಮಾತಿನಲ್ಲಿ ಗತ್ತಿಲ್ಲ. ಹುಡುಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಗಂಟಲು ನೋಡಿದರು, ಜ್ವರ ನೋಡಿದರು. ಜ್ವರ ಇರಲಿಲ್ಲ. ಆಕ್ಸಿಜನ್ ಚೆನ್ನಾಗಿತ್ತು. ಕ್ಲಿನಿಕ್ಕಿಗೆ ಬರುವಷ್ಟರಲ್ಲಿ ಕೆಮ್ಮು ಕೂಡ ಮುಕ್ಕಾಲು ಪಾಲು ಇಳಿದಿತ್ತು.

“ಮತ್ತ ಬಂದೈತೇನ್ರಿ ಸರ್?” ನಾನು ಕೇಳಿದೆ.

“ಬರೋದೇ ಇಲ್ಲ ಅಂತ ಹೇಳಾಕ ಆಗಂಗಿಲ್ಲರಿ. ಆದ್ರ ಇಷ್ಟು ಲಗೂನ ಬರೋದು ಕಮ್ಮಿ. ಟೆಸ್ಟ್ ಮಾಡೇ ಬಿಡೋಣು. ಯಾವಾಗಿಂದ ಕೆಮ್ಮಾಕತ್ತ್ಯಾಳ?”

ನನಗೇನು ಗೊತ್ತು? ನಾನು ಬಸ್ಸಿನಲ್ಲಿದ್ದೆ. ಅತ್ತೆಯ ಮುಖ ನೋಡಿದೆ.

“ಬಂದು ಹೋದವರ ಕಣ್ಣು ತಾಗಿರ್ತೈತಂತ ನೆದರು ತೆಗದೆ ನೋಡ್ರಿ ಸಾಹೇಬ್ರ, ಅದರ ಹಿಂದಿಂದನ ಸುರು ಆತು” ಎಂದರು ಅತ್ತೆ.

ಡಾಕ್ಟರ ಮುಖದಲ್ಲಿ ನಗು ಮೂಡಿತು. “ಮೆಣಸಿನಕಾಯಿ ಸುಟ್ಟಿರೇನು?”

“ಹೂಂರಿ. ಬಚ್ಚಲದ ನೀರೊಲಿಗೆ ಹಾಕಿದೆ. ಹುಡುಗಿ ಅಲ್ಲೇ ಬಾಜೂಕ ಕಿಟಕಿ ಹಂತ್ಯಾಕ ಮಲಗಿದ್ಲು.”

ನಾನು ಹಣೆ ಚಚ್ಚಿಕೊಳ್ಳುವುದೊಂದೇ ಬಾಕಿ. ನಮ್ಮ ಮನೆಯವರು ಜೋರಾಗಿ ಉಸಿರು ಬಿಟ್ಟರು. ಮೆಣಸಿನಕಾಯಿ ಹೊಗೆ! ಅದಕ್ಕೆ ಯಾರು ಕೆಮ್ಮುವುದಿಲ್ಲ? ಪೈಲ್ವಾನನೂ ಕೆಮ್ಮುತ್ತಾನೆ. ಇದಕ್ಕಾಗಿ ನಾವು ಮಸ್ಕಿಯಿಂದ ಜೀವ ಕೈಯಲ್ಲಿ ಹಿಡಿದುಕೊಂಡು ಬಂದೆವಾ? ನನಗೆ ನಗುವೂ ಬಂತು, ಸಿಟ್ಟೂ ಬಂತು. ಡಾಕ್ಟರೂ ನಗುತ್ತಲೇ ಕೇಳಿದರು.

“ಅಲ್ಲ ಯಮ್ಮಾ, ಎಷ್ಟು ಮೆಣಸಿನಕಾಯಿ ಹಾಕಿದ್ರಿ? ಸಣ್ಣ ಕೂಸು ವಾಂತಿ ಮಾಡೂವಷ್ಟು?”

“ಮೊದಲು ಒಂದು ಹಿಡಿ ಹಾಕಿದೆರಿ. ಘಾಟ ಬರಲೇ ಇಲ್ಲ. ಆಮ್ಯಾಲ ಮತ್ತೊಂದು ಹಿಡಿ ಹಾಕಿದೆ. ಆಗೂ ಬರಲಿಲ್ಲ. ಕಣ್ಣಾಗ ನೀರ ಬಂತು, ಹೊಗಿಗೆ ಬರ್ತೈತಿ ಅದು. ಘಾಟ ಮಾತ್ರ ಹನಿ ಸೈತ ಮೂಗಿಗೆ ಬಡೀಲಿಲ್ಲರಿ! ನೀವ ವಿಚಾರ ಮಾಡ್ರಿ, ಹುಡುಗಿಗೆ ಎಂಥಾ ನೆದರು ಆಗಿತ್ತು!”

ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ! ಮೆಣಸಿನಕಾಯಿ ಸುಟ್ಟಾಗ ಘಾಟು ಬಂದರೆ ದೃಷ್ಟಿ ಆಗಿರಲಿಲ್ಲ ಎಂದರ್ಥ. ಘಾಟು ಬರದಿದ್ದರೆ ದೃಷ್ಟಿ ಭಾರೀ ಇತ್ತು, ಈಗ ಸುಟ್ಟು ಹೋಯಿತು ಎಂದರ್ಥ. ನಾನೂ ಇದನ್ನು ಕೇಳಿಕೊಂಡೇ ಬೆಳೆದವಳು. ನನ್ನ ತವರಿನಲ್ಲಿ ಘಾಟು ಬರದಿದ್ದ ದಿನ ಎಲ್ಲರೂ ಸಮಾಧಾನದಿಂದ ಉಣ್ಣುತ್ತಿದ್ದರು.

ಡಾಕ್ಟರ ನಗು ಮಾತ್ರ ಅಲ್ಲೇ ನಿಂತುಹೋಯಿತು.

ಅವರು ಮಗಳನ್ನು ಬಿಟ್ಟು ಅತ್ತೆಯ ಕಡೆ ಕುರ್ಚಿ ತಿರುಗಿಸಿದರು. ಮೇಜಿನ ಮೇಲಿದ್ದ ಸ್ಯಾನಿಟೈಸರ್ ತೆಗೆದು, ಅತ್ತೆಯ ಮಾಸ್ಕು ಇಳಿಸಿ ಮೂಗಿನ ಹತ್ತಿರ ಹಿಡಿದರು. “ವಾಸನಿ ಬರ್ತೈತೇನು?”

“ಏನೂ ಇಲ್ರಿ. ನೀರೈತೇನು ಅದರಾಗ?”

ವಾಸನೆ ಹೋಯಿತೆಂದರೆ ಏನರ್ಥ ಎಂದು ಈಗ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸಿನಲ್ಲಿ ಆದ ಗಾಬರಿ ಏನೂ ಅಲ್ಲ, ಇದು ಬೇರೆ. ಸಕ್ಕರೆ ಕಾಯಿಲೆ ಇರುವ, ಎಪ್ಪತ್ತರ ಹತ್ತಿರದ ಜೀವ ಅದು. ಡಾಕ್ಟರು ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದರು. ಅತ್ತೆ ಒಂದೊಂದಕ್ಕೂ ಹೂಂ ಎನ್ನುತ್ತಾ ಹೋದರು. ಬಾಯಿ ರುಚಿ ಕೆಟ್ಟಿದೆ, ಹೂಂ. ಮೈಕೈ ನೋವು, ಹೂಂ. ರಾತ್ರಿ ಚಳಿ, ಹೂಂ. “ವಯಸ್ಸಾಗೈತಲ್ರಿ, ಇರೂದ ಅದು” ಎಂದರು. ಆ ವಾರ ಅತ್ತೆ ಮಾಡಿದ ಸಾರಿಗೆ ಉಪ್ಪು ಎರಡೆರಡು ಸಲ ಬಿದ್ದಿತ್ತು. “ಏನವಾ, ಉಪ್ಪಿನ ಅಂಗಡಿ ಇಟ್ಟೀಯೇನು?” ಎಂದು ನಮ್ಮ ಮನೆಯವರು ಛೇಡಿಸಿದ್ದರು. ನಾನು ನಕ್ಕಿದ್ದೆ. ಅವರೂ ನಕ್ಕಿದ್ದರು. ಉಪ್ಪು ಹೆಚ್ಚಾದದ್ದು ನಮ್ಮೆಲ್ಲರ ನಾಲಿಗೆಗೆ ತಿಳಿಯಿತು, ಮಾಡಿದವರಿಗೇ ಯಾಕೆ ತಿಳಿಯಲಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಇಬ್ಬರ ಮೂಗಿಗೂ ಕಡ್ಡಿ ಹಾಕಿದರು. ಹೊರಗೆ ಬೆಂಚಿನ ಮೇಲೆ ಕಾದೆವು. ಮಗಳದು ನೆಗೆಟಿವ್. ಅತ್ತೆಯದು ಪಾಸಿಟಿವ್.

ಅದನ್ನು ಹೇಳಿದ ಕ್ಷಣ ಅತ್ತೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ಅಷ್ಟು ಹೊತ್ತು ಯಾರಿಗೂ ಕೊಡದೆ ಅವಚಿಕೊಂಡಿದ್ದ ಹುಡುಗಿಯನ್ನು ತೊಡೆಯಿಂದ ಕೆಳಗಿಳಿಸಿ ನನ್ನ ಕಡೆ ನೂಕಿಬಿಟ್ಟರು. ಸೆರಗನ್ನು ಮಾಸ್ಕಿನ ಮೇಲೆ ಒತ್ತಿ ಹಿಡಿದುಕೊಂಡು ಗೋಡೆಯ ತನಕ ಸರಿದರು. ಹುಡುಗಿಗೆ ಏನು ತಿಳಿಯಬೇಕು? “ಅಜ್ಜೀ, ಎತ್ತಿಕೋ” ಎಂದು ಎರಡೂ ಕೈ ಚಾಚಿ ಅಳತೊಡಗಿದಳು.

“ಬರಬ್ಯಾಡ ಬೇ, ಬರಬ್ಯಾಡ” ಎಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಹಂಗಾದ್ರ ಹುಡುಗಿಗೆ ನನ್ನ ಕಣ್ಣೇ ತಾಗಿತ್ತೇನವಾ?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಅವರ ಕೈ ಹಿಡಿಯಲು ಹೋದೆ, ಹಿಡಿಯಗೊಡಲಿಲ್ಲ.

ಗಾಬರಿ ಬೇಡ, ಇದನ್ನು ಬರೆಯುವ ಹೊತ್ತಿಗೆ ಅವರು ಚೇತರಿಸಿಕೊಳ್ಳುತ್ತಿದ್ದಾರೆ. ಹಿತ್ತಲ ಕಡೆಯ ಕೋಣೆಯಲ್ಲಿದ್ದಾರೆ. ಲಸಿಕೆ ಆಗಿತ್ತು, ಆಕ್ಸಿಜನ್ ಇಳಿಯಲಿಲ್ಲ, ಸಕ್ಕರೆ ಸ್ವಲ್ಪ ಕುಣಿಯಿತು. ನಾನು ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟರೆ ಒಳಗಿನಿಂದ ಮೊದಲು ಬರುವ ಪ್ರಶ್ನೆ, “ಹುಡುಗಿ ಉಂಡ್ಳೇನು?” ಎರಡನೆಯದು, “ಕೆಮ್ಮಿದ್ಲೇನು?” ತಮ್ಮ ಬಗ್ಗೆ ಕೇಳಿದರೆ, “ನನಗೇನಾಗೈತಿ?” ಎನ್ನುತ್ತಾರೆ. ಪಾಸಿಟಿವ್ ಬಂದ ಮೇಲೂ ಅದೇ ಮಾತು!

ನನಗೆ ಕೋವಿಡ್‌ಗಿಂತ ದೊಡ್ಡ ಶಾಕ್ ಎಂದರೆ ನಮ್ಮ ಮನೆಯೇ. ಎಷ್ಟೊಂದು ಎಚ್ಚರ ಇತ್ತು ನಮ್ಮಲ್ಲಿ! ಥರ್ಮಾಮೀಟರ್ ಇತ್ತು, ಮಷಿನ್ ಇತ್ತು, ವಾಟ್ಸ್ಆ್ಯಪ್ ತುಂಬ ಸಲಹೆ ಇತ್ತು. ಗೊಂಬೆಯ ಬೆರಳಿಗೂ ಸಿಕ್ಕಿದ ಆ ಮಷಿನ್ ಅಜ್ಜಿಯ ಬೆರಳಿಗೆ ಒಂದು ಸಲವೂ ಏರಲಿಲ್ಲ. ಜಡ್ಡು ಎಂದರೆ ಮಗುವಿಗೆ ಬರುವಂಥದ್ದು, ಅಜ್ಜಿ ಎಂದರೆ ನೋಡಿಕೊಳ್ಳುವವರು ಎಂದು ಯಾರು ಪಾಲು ಮಾಡಿಕೊಟ್ಟರೋ? ಅವರಿಗೆ ಸುಸ್ತಾದರೆ ವಯಸ್ಸು, ಕೆಮ್ಮಿದರೆ ಧೂಳು, ಉಪ್ಪು ಹೆಚ್ಚಾದರೆ ಮರೆವು.

ಇಂದು ಬೆಳಿಗ್ಗೆ ಅತ್ತೆ ಬಾಗಿಲಾಚೆಯಿಂದಲೇ ನನ್ನನ್ನು ಕರೆದರು. “ನಾ ಮುಟ್ಟಂಗಿಲ್ಲ, ನೀನ ಹುಡುಗಿ ಹಣಿ ಮುಟ್ಟಿ ನೋಡಿ ಹೇಳು” ಎಂದರು. ನೋಡಿ ಹೇಳಿದೆ. ತಣ್ಣಗಿತ್ತು. ಈಗ ನಿಮ್ಮನ್ನು ಕೇಳುತ್ತೇನೆ: ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಕೈಯೊಂದು ನಿಮ್ಮ ಮನೆಯಲ್ಲೂ ಇದೆಯಲ್ಲ, ಆ ಕೈ ಸುಡುತ್ತಿದೆಯಾ ಎಂದು ಯಾರಾದರೂ ಮುಟ್ಟಿ ನೋಡಿದ್ದೀರಾ?